ಪೈಲ್ಸ್ ಎಂದುಕೊಂಡು ಕೂತವರಿಗೆ

ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಗೋಡೆಗಳನ್ನು ನೋಡಿ. ‘ಮೂಲವ್ಯಾಧಿ, ಫಿಶರ್, ಫಿಸ್ಟುಲಾ – ಆಪರೇಷನ್ ಇಲ್ಲದೆ ಗುಣ’ ಎಂಬ ಬರಹ, ಕೆಳಗೊಂದು ಮೊಬೈಲ್ ನಂಬರು. ಈ ಜಾಹೀರಾತುಗಳಿಗೆ ಗಿರಾಕಿಗಳ ಬರ ಬಂದದ್ದಿಲ್ಲ. ಮಲದ ಜೊತೆ ರಕ್ತ ಕಂಡರೆ ನಮ್ಮಲ್ಲಿ ರೋಗಕ್ಕೆ ಹೆಸರಿಡುವುದು ಡಾಕ್ಟರಲ್ಲ, ರೋಗಿಯೇ. ‘ಪೈಲ್ಸ್ ಇರಬೇಕು, ಮೈ ಉಷ್ಣ ಆಗಿದೆ’ ಎಂದು ಮೆಂತ್ಯ ನೆನೆಸಿ ಕುಡಿಯುವುದು, ಮಜ್ಜಿಗೆ, ಎಳನೀರು, ಕೋಳಿ ಬಿಡುವುದು, ಖಾರ ಬಿಡುವುದು, ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿ ಹೋಗುವ ತನಕ ಕಾದು ಮೆಲ್ಲಗೆ ಮುಲಾಮು ಕೇಳುವುದು. ಇಷ್ಟರಲ್ಲಿ ಆರು ತಿಂಗಳೋ ವರ್ಷವೋ ಸರಿದುಹೋಗಿರುತ್ತದೆ.

ಬಹುತೇಕರಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಅದು ನಿಜಕ್ಕೂ ಪೈಲ್ಸೇ ಆಗಿರುತ್ತದೆ, ಇಲ್ಲವೆ ಫಿಶರ್. ಈ ಬರಹ ಇರುವುದು ಉಳಿದವರಿಗಾಗಿ. ಅವರ ಪೈಕಿ ಕೆಲವರಿಗೆ ಇರುವುದು ರೆಕ್ಟಮ್ ಕ್ಯಾನ್ಸರ್, ಇನ್ನೂ ಕಡಿಮೆ ಜನಕ್ಕೆ ಗುದದ್ವಾರದ ಕ್ಯಾನ್ಸರ್. ಇವೆರಡೂ ಒಂದೇ ಎಂದು ಓದಿದವರೂ ತಿಳಿದಿರುತ್ತಾರೆ. ಒಂದೇ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ದೊಡ್ಡ ಕರುಳಿನ ಕೊನೆಯ ಭಾಗ ರೆಕ್ಟಮ್. ಅದರ ಕೆಳಗೆ, ಹೊರಗಿನ ಚರ್ಮ ಶುರುವಾಗುವ ತನಕ ಮೂರು–ನಾಲ್ಕು ಸೆಂಟಿಮೀಟರಿನ ಒಂದು ಕಿರುದಾರಿ ಇದೆ. ಅದೇ ಗುದದ್ವಾರದ ನಾಳ. ರೆಕ್ಟಮ್ಮಿನ ಒಳಪದರ ಕರುಳಿನ ಜಾತಿಯದು, ಲೋಳೆ ಸುರಿಸುವ ಕೋಶಗಳದ್ದು. ಕೆಳಗಿನ ನಾಳದ ಪದರ ಬಹುಪಾಲು ಚರ್ಮದ ಜಾತಿಯದು, ಬಾಯಿ ಅಥವಾ ಗರ್ಭಕಂಠದ ಹೊರಪದರದಂಥದ್ದು. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂದು ಹೆಸರು. ರೆಕ್ಟಮ್ಮಿನಲ್ಲಿ ಹುಟ್ಟುವುದು ಸಾಮಾನ್ಯವಾಗಿ ಅಡಿನೋಕಾರ್ಸಿನೋಮಾ. ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಈ ಎರಡು ಪದಗಳಲ್ಲಿ ಯಾವುದಿದೆ ಎಂದು ಮನೆಯವರು ತಾವೇ ನೋಡಿಕೊಳ್ಳಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಗುದದ್ವಾರದ ಕ್ಯಾನ್ಸರ್ ಅಪರೂಪದ ರೋಗ. 2020ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಜನರಿಗೆ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಐವತ್ತು ದಾಟಿದವರಲ್ಲೇ ಜಾಸ್ತಿ.

ಗುಟ್ಟಿನ ಹಿಂದೆ ಒಂದು ವೈರಸ್

ಗುದದ್ವಾರದ ಕ್ಯಾನ್ಸರುಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಕಾರಣ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ನೂರಾರು ತಳಿಗಳಲ್ಲಿ ಮುಖ್ಯ ಅಪರಾಧಿ 16ನೇ ನಂಬರಿನದು. ಗರ್ಭಕಂಠದ ಕ್ಯಾನ್ಸರ್ ತರುವುದೂ ಇದೇ ಎಂದು ತೋರಿಸಿಕೊಟ್ಟ ಜರ್ಮನ್ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ವೈರಸ್ ಎಂದ ಕೂಡಲೇ ಮನೆಯಲ್ಲಿ ಅನುಮಾನ ಶುರುವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಎಚ್‌ಪಿವಿ ಎಷ್ಟು ಸಾಮಾನ್ಯವೆಂದರೆ, ಲೈಂಗಿಕ ಬದುಕು ಇರುವ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲಿರುತ್ತದೆ. ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತಿಪ್ಪತ್ತು ವರ್ಷಗಳಲ್ಲಿ ಕೋಶಗಳನ್ನು ಕೆಡಿಸುತ್ತ ಹೋಗುತ್ತದೆ. ಇಂದು ಕಂಡ ಕ್ಯಾನ್ಸರಿನ ವೈರಸ್ ಯಾವಾಗ, ಯಾರಿಂದ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ಗುದಸಂಭೋಗದಿಂದ ಅಪಾಯ ಹೆಚ್ಚುವುದು ನಿಜ. ಆದರೆ ಅದಿಲ್ಲದೆಯೂ ಈ ವೈರಸ್ ಆ ಭಾಗದ ಚರ್ಮದಿಂದ ಚರ್ಮಕ್ಕೆ ಹರಡಬಲ್ಲದು. ಅರವತ್ತು ದಾಟಿದ ಅಜ್ಜಿಗೆ ಈ ಕ್ಯಾನ್ಸರ್ ಬಂದರೆ ಅಲ್ಲಿ ಹುಡುಕಬೇಕಾದ ಕಳಂಕ ಯಾವುದೂ ಇಲ್ಲ.

ಅಮೆರಿಕದಲ್ಲೂ ಈ ಸಂಕೋಚ ಕಡಿಮೆಯೇನಲ್ಲ. ‘ಚಾರ್ಲೀಸ್ ಏಂಜಲ್ಸ್’ ಖ್ಯಾತಿಯ ನಟಿ ಫರಾ ಫಾಸೆಟ್‌ಗೆ 2006ರಲ್ಲಿ ಈ ರೋಗ ಪತ್ತೆಯಾಯಿತು. ತಮ್ಮ ಚಿಕಿತ್ಸೆಯನ್ನು ಅವರು ಕ್ಯಾಮೆರಾದಲ್ಲಿ ಚಿತ್ರಿಸಿ ಜನರ ಮುಂದಿಟ್ಟರು. 2009ರ ಜೂನ್ 25ರಂದು ತೀರಿಕೊಂಡರು. ಮೈಕಲ್ ಜಾಕ್ಸನ್ ಸತ್ತದ್ದೂ ಅದೇ ದಿನ, ಹೀಗಾಗಿ ಆ ಸುದ್ದಿ ಬದಿಗೆ ಸರಿಯಿತು. ಹತ್ತು ವರ್ಷದ ನಂತರ ಇನ್ನೊಬ್ಬ ನಟಿ ಮಾರ್ಸಿಯಾ ಕ್ರಾಸ್ ತಮ್ಮ ರೋಗದ ಹೆಸರನ್ನು ನೇರವಾಗಿ ಹೇಳಿದರು. ಅವರ ಗಂಡನಿಗೆ ಮೊದಲೇ ಗಂಟಲ ಕ್ಯಾನ್ಸರ್ ಆಗಿತ್ತು, ಎರಡಕ್ಕೂ ಒಂದೇ ಬಗೆಯ ಎಚ್‌ಪಿವಿ ಕಾರಣ ಇರಬಹುದೆಂದು ವೈದ್ಯರು ಭಾವಿಸಿದ್ದರು. ಕ್ರಾಸ್ ವಾಡಿಕೆಯ ತಪಾಸಣೆಗೆಂದು ಹೋದಾಗ ಡಾಕ್ಟರು ಬೆರಳಿಟ್ಟು ನೋಡಿದ್ದರಿಂದಲೇ ರೋಗ ಸಿಕ್ಕಿತು. ಚಿಕಿತ್ಸೆ ಫಲಿಸಿತು.

ಯಾರಿಗೆ ಹೆಚ್ಚು ಅಪಾಯ? ಎಚ್‌ಐವಿ ಸೋಂಕಿತರಿಗೆ, ಕಿಡ್ನಿ ಇತ್ಯಾದಿ ಅಂಗಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೆ, ಗಂಡಸರೊಡನೆ ಲೈಂಗಿಕ ಸಂಬಂಧವಿರುವ ಗಂಡಸರಿಗೆ, ಗರ್ಭಕಂಠ ಅಥವಾ ಯೋನಿಯ ಹೊರಭಾಗದ ಕ್ಯಾನ್ಸರ್ ಇಲ್ಲವೆ ಅದರ ಮುನ್ಸೂಚನೆ ಕಂಡಿದ್ದ ಹೆಂಗಸರಿಗೆ, ಬೀಡಿ ಸಿಗರೇಟು ಸೇದುವವರಿಗೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಎಚ್‌ಐವಿ ಹೊರೆ ಬಹುಕಾಲದಿಂದ ಹೆಚ್ಚು. ಉಚಿತ ಎಆರ್‌ಟಿ ಮಾತ್ರೆಗಳ ಪುಣ್ಯದಿಂದ ಆ ಜನ ಈಗ ಐವತ್ತು, ಅರವತ್ತು ದಾಟಿ ಬದುಕುತ್ತಿದ್ದಾರೆ. ಈ ಕ್ಯಾನ್ಸರಿನ ಮಾತು ಅವರ ಕಿವಿಗೆ ಮೊದಲು ಬೀಳಬೇಕು.

ಪೈಲ್ಸ್ ಬಲಿತು ಕ್ಯಾನ್ಸರ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಖಾರದಿಂದಲೂ ಬರುವುದಿಲ್ಲ. ತೊಂದರೆ ಇರುವುದು ಎರಡೂ ಒಂದೇ ಥರ ಕಾಣುವುದರಲ್ಲಿ. ರಕ್ತ, ನೋವು, ತುರಿಕೆ, ಕೈಗೆ ತಾಗುವ ಗಂಟು, ಒದ್ದೆಯೊದ್ದೆಯಾಗಿ ಸೋರುವುದು, ಮಲ ಪೂರ್ತಿ ಹೋಗಿಲ್ಲವೆಂಬ ಭಾವನೆ. ಕೆಲವರಿಗೆ ಮೊದಲು ಕಾಣುವುದೇ ತೊಡೆಸಂದಿಯ ಗಡ್ಡೆ. ಪೈಲ್ಸ್ ಬಂದು ಹೋಗಿ ಮಾಡುತ್ತದೆ, ಗಂಟು ಮೆತ್ತಗಿರುತ್ತದೆ. ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಗಟ್ಟಿ, ವಾರದಿಂದ ವಾರಕ್ಕೆ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ. ಆದರೆ ಮನೆಯಲ್ಲಿ ಕೂತು ಈ ತೀರ್ಮಾನ ಮಾಡಲು ಹೋಗಬೇಡಿ. ಮುಲಾಮು ಹಚ್ಚಿ ಎರಡು ಮೂರು ವಾರವಾದರೂ ಗುಣ ಕಾಣದಿದ್ದರೆ ಸರ್ಜನ್ ಬಳಿ ಹೋಗಿ.

ಎರಡು ನಿಮಿಷದ ಪರೀಕ್ಷೆ

ಜಿಲ್ಲಾಸ್ಪತ್ರೆಯ ಸರ್ಜರಿ ಓಪಿಡಿಯಲ್ಲಿ ನಡೆಯುವುದು ಇಷ್ಟು. ಎಡಮಗ್ಗುಲಿಗೆ ಮಲಗಿ ಮೊಣಕಾಲು ಎದೆಯತ್ತ ಮಡಚಿಕೊಳ್ಳಬೇಕು. ಡಾಕ್ಟರು ಗ್ಲೌಸ್ ತೊಟ್ಟು, ಜೆಲ್ಲಿ ಹಚ್ಚಿ, ಬೆರಳಿಟ್ಟು ಸುತ್ತಲೂ ತಡವಿ ನೋಡುತ್ತಾರೆ. ಬೇಕೆನಿಸಿದರೆ ಪ್ರಾಕ್ಟೊಸ್ಕೋಪ್ ಎಂಬ ಗಿಡ್ಡ ಕೊಳವೆ ಹಾಕಿ ಬೆಳಕಿನಲ್ಲಿ ನೋಡುತ್ತಾರೆ. ತೊಡೆಸಂದಿಯನ್ನೂ ಮುಟ್ಟಿ ನೋಡಬೇಕು. ಮುಜುಗರ ಆಗುತ್ತದೆ, ನೋವು ಕಡಿಮೆ. ಫಿಶರ್ ಇದ್ದರೆ ನೋವು ಜಾಸ್ತಿ. ಆಗ ಮರಗಟ್ಟಿಸುವ ಜೆಲ್ಲಿ ಕೇಳಬಹುದು, ಇಲ್ಲವೆ ಅರಿವಳಿಕೆ ಕೊಟ್ಟು ನೋಡುತ್ತಾರೆ. ಹೆಂಗಸರು ಲೇಡಿ ಡಾಕ್ಟರ್ ಬೇಕೆಂದೋ, ನರ್ಸ್ ಜೊತೆಗಿರಲಿ ಎಂದೋ ಕೇಳಬಹುದು. ಅದು ಅತಿಯಾದ ಬೇಡಿಕೆಯಲ್ಲ.

ಮುಟ್ಟಿ ನೋಡದೆ, ಮೇಜಿನಾಚೆಯಿಂದಲೇ ‘ಪೈಲ್ಸ್’ ಎಂದು ಚೀಟಿ ಬರೆದುಕೊಡುವವರು ಗೋಡೆ ಜಾಹೀರಾತಿನವರು ಮಾತ್ರವಲ್ಲ, ದೊಡ್ಡ ಡಿಗ್ರಿಯವರಲ್ಲೂ ಇದ್ದಾರೆ. ‘ಸಾರ್, ಒಂದ್ಸಲ ಪರೀಕ್ಷೆ ಮಾಡಿ ನೋಡ್ತೀರಾ?’ ಎಂದು ಕೇಳುವುದು ರೋಗಿಯ ಹಕ್ಕು. ಆಯುರ್ವೇದದ ಕ್ಷಾರಸೂತ್ರ ಚಿಕಿತ್ಸೆಗೆ ಫಿಸ್ಟುಲಾ ವಿಷಯದಲ್ಲಿ ಒಳ್ಳೆಯ ಹೆಸರಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಇರುವುದು ಫಿಸ್ಟುಲಾವೇ ಎಂದು ಮೊದಲು ಗೊತ್ತಾಗಬೇಕಲ್ಲ. ಪೈಲ್ಸ್ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಭಾಗವನ್ನು ಪ್ಯಾಥಾಲಜಿಗೆ ಕಳಿಸಿದ್ದಾರೆಯೇ ಎಂದೂ ಕೇಳಿ. ಕೆಲವು ಸಲ ಕ್ಯಾನ್ಸರ್ ಸಿಗುವುದೇ ಆ ಚೂರಿನಲ್ಲಿ.

ಗಂಟು ಅನುಮಾನ ತಂದರೆ ಬಯಾಪ್ಸಿ. ‘ಚೂರು ತೆಗೆದರೆ ಹರಡುತ್ತೆ’ ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹರಡುವುದಿಲ್ಲ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್ ಆಸ್ಪತ್ರೆಯೂ ಚಿಕಿತ್ಸೆ ಶುರುಮಾಡುವುದಿಲ್ಲ. ಖಚಿತವಾದ ಮೇಲೆ ಸೊಂಟದ ಭಾಗದ ಎಂಆರ್‌ಐ, ಎದೆ ಮತ್ತು ಹೊಟ್ಟೆಯ ಸಿಟಿ ಅಥವಾ ಪೆಟ್-ಸಿಟಿ, ಎಚ್‌ಐವಿ ಪರೀಕ್ಷೆ, ಹೆಂಗಸರಿಗೆ ಗರ್ಭಕಂಠದ ತಪಾಸಣೆ. ಗಂಟು 2 ಸೆಂಟಿಮೀಟರಿನ ಒಳಗಿದೆಯೋ, 5 ದಾಟಿದೆಯೋ, ಅಕ್ಕಪಕ್ಕದ ಅಂಗಕ್ಕೆ ಹಬ್ಬಿದೆಯೋ, ತೊಡೆಸಂದಿಯ ಗ್ರಂಥಿಗೆ ಹೋಗಿದೆಯೋ ಎಂಬುದರ ಮೇಲೆ ಹಂತ ನಿರ್ಧಾರವಾಗುತ್ತದೆ. ಅಮೆರಿಕದ ಅಂಕಿ ಅಂಶ ನೋಡಿದರೆ, ರೋಗ ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕವರಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ.

ಕತ್ತಿ ಬೇಡವೆಂದ ಚಿಕಿತ್ಸೆ

ಐವತ್ತು ವರ್ಷದ ಹಿಂದಿನ ತನಕ ಈ ರೋಗಕ್ಕೆ ಇದ್ದದ್ದು ಒಂದೇ ದಾರಿ. ಗುದದ್ವಾರ, ರೆಕ್ಟಮ್ ಎರಡನ್ನೂ ತೆಗೆದುಹಾಕಿ, ಹೊಟ್ಟೆಯ ಮೇಲೆ ತೂತು ಮಾಡಿ, ಅಲ್ಲಿ ಜೀವನಪೂರ್ತಿ ಮಲದ ಚೀಲ ಕಟ್ಟುವುದು. ಅಮೆರಿಕದ ಡೆಟ್ರಾಯಿಟ್‌ನ ಸರ್ಜನ್ ನಾರ್ಮನ್ ನಿಗ್ರೊ ಅವರಿಗೆ ಒಂದು ಯೋಚನೆ ಬಂತು. ಆಪರೇಷನ್ನಿಗೆ ಮೊದಲು ಸ್ವಲ್ಪ ವಿಕಿರಣ, ಜೊತೆಗೆ 5-ಎಫ್‌ಯು ಮತ್ತು ಮೈಟೊಮೈಸಿನ್ ಔಷಧ ಕೊಟ್ಟರೆ ಗಡ್ಡೆ ಕುಗ್ಗಬಹುದು, ಕತ್ತರಿಸುವುದು ಸಲೀಸಾಗಬಹುದು ಎಂದು. 1974ರಲ್ಲಿ ಅವರು ಮೂವರು ರೋಗಿಗಳ ವರದಿ ಪ್ರಕಟಿಸಿದರು. ಇಬ್ಬರಿಗೆ ಆಪರೇಷನ್ ಮಾಡಿ, ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕ್ಯಾನ್ಸರೇ ಇರಲಿಲ್ಲ. ಮೂರನೆಯವರು ಆಪರೇಷನ್ ಬೇಡವೆಂದರು, ಆರಾಮಾಗಿಯೇ ಇದ್ದರು. ಸರ್ಜನ್ ಒಬ್ಬರೇ ಸರ್ಜರಿಯನ್ನು ಅನಗತ್ಯಗೊಳಿಸಿದ ಇಂಥ ಪ್ರಸಂಗಗಳು ವೈದ್ಯಕೀಯದಲ್ಲಿ ಬಹಳ ಇಲ್ಲ. ಮುಂದೆ ಬ್ರಿಟನ್, ಯುರೋಪ್, ಅಮೆರಿಕಗಳ ದೊಡ್ಡ ಪ್ರಯೋಗಗಳು ಈ ಜೋಡಿ ಚಿಕಿತ್ಸೆಯನ್ನೇ ಗಟ್ಟಿಮಾಡಿದವು.

ಬಯಾಪ್ಸಿ ರಿಪೋರ್ಟಿನ ಪದ ನೋಡಿ ಎಂದದ್ದು ಇದಕ್ಕೇ. ಗುದದ್ವಾರದ ಗಂಟಿನ ರಿಪೋರ್ಟಿನಲ್ಲಿ ‘ಸ್ಕ್ವಾಮಸ್’ ಎಂದಿದ್ದು, ಯಾರಾದರೂ ಮೊದಲ ಹೆಜ್ಜೆಯಾಗಿ ‘ಎಲ್ಲಾ ತೆಗೆದು ಚೀಲ ಹಾಕೋಣ’ ಎಂದರೆ ಸಹಿ ಹಾಕಬೇಡಿ. ರೇಡಿಯೇಷನ್ ಆಂಕಾಲಜಿಸ್ಟ್ ಇರುವ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎರಡನೇ ಅಭಿಪ್ರಾಯ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಹಲವು ಮೆಡಿಕಲ್ ಕಾಲೇಜುಗಳಲ್ಲಿ ವಿಕಿರಣ ಯಂತ್ರಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಳ್ಳಿ, ಆಮೇಲೆ ಅಲೆದಾಟ ತಪ್ಪುತ್ತದೆ. ಹೊರಚರ್ಮದ ಮೇಲಿನ ತೀರಾ ಸಣ್ಣ ಗಂಟಾದರೆ ಅದನ್ನಷ್ಟೇ ಕತ್ತರಿಸಿ ತೆಗೆದರೂ ಸಾಕಾಗಬಹುದು, ಅದು ಬೇರೆ ಮಾತು.

ಚಿಕಿತ್ಸೆಗೆ ಐದೂವರೆ, ಆರು ವಾರ. ಸೋಮವಾರದಿಂದ ಶುಕ್ರವಾರ ದಿನವೂ ವಿಕಿರಣ, ಒಟ್ಟು 28ರ ಆಸುಪಾಸು ಸಲ. ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ, ಆ ಹೊತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲ ದಿನ ಮೈಟೊಮೈಸಿನ್ ಇಂಜೆಕ್ಷನ್. 5-ಎಫ್‌ಯು ಆದರೆ ನಾಲ್ಕು ದಿನ ಡ್ರಿಪ್ಪಿನಲ್ಲಿ, ಅದರ ಬದಲು ಕ್ಯಾಪೆಸಿಟಬಿನ್ ಮಾತ್ರೆಯಾದರೆ ವಿಕಿರಣದ ದಿನಗಳಲ್ಲಿ ಮನೆಯಲ್ಲೇ ನುಂಗಬಹುದು. ವಿಕಿರಣ ತೆಗೆದುಕೊಂಡವರ ಮೈಯಿಂದ ವಿಕಿರಣ ಹೊಮ್ಮುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ರೋಗ ದೂರಕ್ಕೆ ಹರಡಿದ್ದರೆ ಲೆಕ್ಕ ಬೇರೆ: ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೀಮೊ, ಅನುಕೂಲವಿದ್ದವರಿಗೆ ಇಮ್ಯುನೋಥೆರಪಿ.

ಮೊದಲ ಎರಡು ವಾರ ರೋಗಿ ‘ಇಷ್ಟೇನಾ’ ಎನ್ನುತ್ತಾರೆ. ಮೂರನೇ ವಾರದಿಂದ ನಿಜವಾದ ಕಷ್ಟ. ತೊಡೆಸಂದಿ, ಪೃಷ್ಠದ ನಡುವಿನ ಚರ್ಮ ಕೆಂಪಾಗಿ, ಸುಲಿದು, ಒದ್ದೆಯಾಗುತ್ತದೆ. ಭೇದಿ, ಉರಿಮೂತ್ರ, ಸುಸ್ತು. ಬೆಚ್ಚಗಿನ ನೀರು ತುಂಬಿದ ಟಬ್ಬಿನಲ್ಲಿ ದಿನಕ್ಕೆ ಎರಡು ಮೂರು ಸಲ ಕೂರುವುದು, ಟಿಶ್ಯೂ ಬಿಟ್ಟು ನೀರಿನಿಂದ ತೊಳೆದು ಹಳೆಯ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸುವುದು, ಆಸ್ಪತ್ರೆಯವರು ಕೊಟ್ಟ ಕ್ರೀಮ್ ಬಿಟ್ಟು ಬೇರೇನೂ ಹಚ್ಚದಿರುವುದು. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಯಾವುದೂ ಬೇಡ. ಗಂಡಸರಿಗೆ ಪಂಚೆ ಅಥವಾ ಲುಂಗಿ, ಹೆಂಗಸರಿಗೆ ಸಡಿಲ ನೈಟಿಯಂಥ ಒಳ್ಳೆ ಉಡುಪು ಈ ದಿನಗಳಿಗೆ ಇನ್ನೊಂದಿಲ್ಲ. ಭೇದಿ ಇರುವಾಗ ಮೊಳಕೆಕಾಳು, ಸೊಪ್ಪು, ರಾಗಿಮುದ್ದೆಗೆ ಸ್ವಲ್ಪ ದಿನ ರಜೆ ಕೊಟ್ಟು, ಅಕ್ಕಿ ಗಂಜಿ, ಮೊಸರನ್ನ, ಬಾಳೆಹಣ್ಣು, ಬೇಯಿಸಿದ ಮೊಟ್ಟೆಯಲ್ಲಿರುವುದು ಒಳ್ಳೆಯದು. ವಾರಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಬಿಳಿ ರಕ್ತಕಣ ಇಳಿದಿರುವಾಗ ಪ್ಯಾರಾಸಿಟಮಾಲ್ ನುಂಗಿ ಬೆಳಗಿನ ತನಕ ಕಾಯುವುದು ಪ್ರಾಣಕ್ಕೆ ಎರವಾದೀತು. ಸೇದುವ ಚಟ ಇದ್ದರೆ ಈಗಲೇ ಬಿಡಬೇಕು, ಸೇದುವವರಲ್ಲಿ ಚಿಕಿತ್ಸೆಯ ಫಲವೂ ಕಡಿಮೆ, ಅಡ್ಡಪರಿಣಾಮವೂ ಜಾಸ್ತಿ.

ನೋವು ತಡೆಯಲಾಗುತ್ತಿಲ್ಲ ಎಂದು ನಡುವೆ ಒಂದು ವಾರ ಬಿಟ್ಟು ಊರಿಗೆ ಹೋಗುವವರಿದ್ದಾರೆ. ಹಾಗೆ ಮಾಡಿದರೆ ಉಳಿದ ಕೋಶಗಳು ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ನೋವಿನ ಮಾತ್ರೆ ಹೆಚ್ಚಿಸಲು ಕೇಳಿ, ಮಾರ್ಫಿನ್ ಕೊಟ್ಟರೂ ಹೆದರಬೇಡಿ. ದೂರದೂರಿನವರು ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಆ ಆರು ವಾರ ಉಳಿಯುವ ಏರ್ಪಾಡು ಮೊದಲೇ ಮಾಡಿಕೊಂಡರೆ ಒಳ್ಳೆಯದು.

ಡಾಕ್ಟರು ತಾವಾಗಿ ಹೇಳದ, ರೋಗಿ ತಾವಾಗಿ ಕೇಳದ ಒಂದು ಸಂಗತಿ ಇದೆ. ಸೊಂಟದ ಭಾಗಕ್ಕೆ ವಿಕಿರಣ ಬಿದ್ದರೆ ಹರೆಯದ ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಮಕ್ಕಳಾಗುವ ಸಾಧ್ಯತೆ ಹೋಗಬಹುದು, ಯೋನಿಮಾರ್ಗ ಕಿರಿದಾಗಬಹುದು. ಗಂಡಸರಲ್ಲಿ ವೀರ್ಯದ ಮೇಲೆ, ನಿಮಿರುವಿಕೆಯ ಮೇಲೆ ಪರಿಣಾಮ ಆಗಬಹುದು. ಅಂಡಾಣು ಅಥವಾ ವೀರ್ಯ ಶೇಖರಣೆಯ ಮಾತು ಚಿಕಿತ್ಸೆ ಶುರುವಾಗುವ ಮೊದಲೇ ಆಗಬೇಕು. ಯೋನಿ ಕಿರಿದಾಗದಂತೆ ಬಳಸುವ ಡೈಲೇಟರ್ ಬಗ್ಗೆ ನರ್ಸನ್ನು ಕೇಳಲು ನಾಚಬೇಕಿಲ್ಲ.

ಬರದಂತೆ ತಡೆಯುವುದು

ಗರ್ಭಕಂಠದ ಕ್ಯಾನ್ಸರ್ ತಡೆಗೆಂದು ಹೆಸರಾದ ಎಚ್‌ಪಿವಿ ಲಸಿಕೆಯೇ ಇದಕ್ಕೂ ತಡೆ. ಗುದದ್ವಾರದ ಕ್ಯಾನ್ಸರ್ ತಡೆಯಲೆಂದು ಅಮೆರಿಕದ ಔಷಧ ನಿಯಂತ್ರಕರು 2010ರಲ್ಲೇ ಗಾರ್ಡಸಿಲ್‌ಗೆ ಒಪ್ಪಿಗೆ ಕೊಟ್ಟಿದ್ದಾರೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 6, 11, 16, 18 ಈ ನಾಲ್ಕು ತಳಿಗಳ ವಿರುದ್ಧ ಅದು ಕೆಲಸ ಮಾಡುತ್ತದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರಿಂದ 26ರವರಿಗೆ ಮೂರು. ನಮ್ಮಲ್ಲಿ ಇದನ್ನು ‘ಹೆಣ್ಣುಮಕ್ಕಳ ಇಂಜೆಕ್ಷನ್’ ಮಾಡಿಟ್ಟಿರುವುದು ಸರಿಯಲ್ಲ. ಗಂಡುಮಕ್ಕಳಿಗೂ ಅದು ಒಪ್ಪಿತವಾದ ಲಸಿಕೆ, ಶಕ್ತಿ ಇರುವ ತಂದೆತಾಯಿ ಮಗನಿಗೂ ಹಾಕಿಸಬೇಕು ಎಂಬುದು ನನ್ನ ಅಭಿಪ್ರಾಯ. ವೈರಸ್ ತಗಲುವ ಮೊದಲು ಹಾಕಿಸಿದರೆ ಪೂರ್ತಿ ಪ್ರಯೋಜನ. ಆಗಲೇ ಒಳಗಿರುವ ವೈರಸನ್ನು ಲಸಿಕೆ ಓಡಿಸುವುದಿಲ್ಲ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಹೆಚ್ಚಿನ ಅಪಾಯದ ಗುಂಪಿನವರಿಗೆ ಇನ್ನೊಂದು ದಾರಿಯಿದೆ. ಕ್ಯಾನ್ಸರ್ ಆಗುವ ಮೊದಲಿನ ಕೆಟ್ಟ ಕೋಶಗಳನ್ನು ಪತ್ತೆಮಾಡಿ ಸುಟ್ಟುಹಾಕುವುದು. ಅಮೆರಿಕದಲ್ಲಿ ಎಚ್‌ಐವಿ ಇರುವ, 35 ದಾಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಆಂಕರ್’ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹೀಗೆ ಚಿಕಿತ್ಸೆ ಪಡೆದವರಲ್ಲಿ ಕ್ಯಾನ್ಸರ್ ಶೇ 57ರಷ್ಟು ಕಡಿಮೆಯಾಗಿತ್ತು. ಇದಕ್ಕೆ ಬೇಕಾದ, ವಿನೆಗರ್ ಹಚ್ಚಿ ದೊಡ್ಡದಾಗಿಸಿ ನೋಡುವ ವಿಶೇಷ ತಪಾಸಣೆಗೆ ತರಬೇತಿ ಬೇಕು, ಅದು ಎಲ್ಲ ಕಡೆ ಸಿಗದು. ಸಿಗದ ಕಡೆ ವರ್ಷಕ್ಕೊಮ್ಮೆ ಬೆರಳ ಪರೀಕ್ಷೆಯಾದರೂ ಆಗಲಿ. ಎಆರ್‌ಟಿ ಕೇಂದ್ರಕ್ಕೆ ಮಾತ್ರೆಗೆ ಹೋದಾಗ ಅದನ್ನೂ ಕೇಳಿ. ಎಚ್‌ಐವಿ ಇದೆಯೆಂದು ಪರೀಕ್ಷೆಯನ್ನೋ ಚಿಕಿತ್ಸೆಯನ್ನೋ ನಿರಾಕರಿಸುವುದು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ ನಿಷಿದ್ಧ. ಗಂಡು ಗಂಡಿನ ಸಂಬಂಧವನ್ನು ಡಾಕ್ಟರ ಮುಂದೆ ಹೇಳಿಕೊಳ್ಳಲು 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಾನೂನಿನ ಭಯವೂ ಇಲ್ಲ. ಉಳಿದಿರುವುದು ಡಾಕ್ಟರ ಮುಖಭಾವದ ಭಯ; ಒಬ್ಬರ ಬಳಿ ಹೇಳಲಾಗದಿದ್ದರೆ ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕು.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ವಿಕಿರಣದ ದಿನವೇ ‘ಗಡ್ಡೆ ಹೋಯಿತಾ’ ಎಂದು ಕೇಳುವುದು ಸಹಜ. ಉತ್ತರ ಆಗಲೇ ಸಿಗುವುದಿಲ್ಲ. ಈ ಗಡ್ಡೆ ನಿಧಾನವಾಗಿ ಕರಗುತ್ತದೆ. ಬ್ರಿಟನ್ನಿನ ‘ಆಕ್ಟ್-2’ ಪ್ರಯೋಗದಲ್ಲಿ ಚಿಕಿತ್ಸೆ ಶುರುವಾಗಿ 11 ವಾರಕ್ಕೆ ಇನ್ನೂ ಗಡ್ಡೆ ಉಳಿದಿದ್ದವರಲ್ಲಿ ಹೆಚ್ಚಿನವರಿಗೆ 26 ವಾರದ ಹೊತ್ತಿಗೆ ಅದು ಪೂರ್ತಿ ಹೋಗಿತ್ತು. ಹಾಗಾಗಿ ಗಡ್ಡೆ ಬೆಳೆಯುತ್ತಿಲ್ಲವಾದರೆ, ಅವಸರಪಟ್ಟು ಆಪರೇಷನ್ನಿಗೆ ಹೋಗುವ ಬದಲು ಕಾಯುವುದೇ ಚಿಕಿತ್ಸೆ. ಆರು ತಿಂಗಳ ಮೇಲೂ ಉಳಿದರೆ, ಅಥವಾ ಹೋದದ್ದು ಮರಳಿ ಬಂದರೆ, ಆಗ ಹಳೆಯ ದೊಡ್ಡ ಆಪರೇಷನ್ನು, ಮಲದ ಚೀಲ. ಚೀಲದೊಂದಿಗೆ ಹೊಲದ ಕೆಲಸ ಮಾಡುವವರು, ಬಸ್ಸಿನಲ್ಲಿ ಓಡಾಡುವವರು, ಮದುವೆಮನೆಗೆ ಹೋಗುವವರು ಇದ್ದಾರೆ. ಅದನ್ನು ಬದಲಿಸುವುದು ಹೇಗೆಂದು ಮನೆಯ ಇನ್ನೊಬ್ಬರೂ ಸ್ಟೋಮಾ ನರ್ಸ್ ಬಳಿ ಕಲಿತಿರಲಿ.

ಐದು ವರ್ಷದ ತನಕ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ: ಬೆರಳ ಪರೀಕ್ಷೆ, ಪ್ರಾಕ್ಟೊಸ್ಕೋಪಿ, ತೊಡೆಸಂದಿ, ಅಗತ್ಯವಿದ್ದರೆ ಸ್ಕ್ಯಾನ್. ವಿಕಿರಣ ಬಿದ್ದ ಜಾಗದಲ್ಲಿ ಗಾಯ ಮಾಯುವುದು ನಿಧಾನ. ಮುಂದೆ ಯಾವಾಗಲಾದರೂ ಯಾರಾದರೂ ‘ಪೈಲ್ಸ್’ ಎಂದು ಅಲ್ಲಿ ಇಂಜೆಕ್ಷನ್ನು, ಬ್ಯಾಂಡು, ಕತ್ತರಿ ಹಾಕಲು ಹೊರಟರೆ ಮೊದಲು ಕ್ಯಾನ್ಸರ್ ಆಸ್ಪತ್ರೆಯವರನ್ನು ಕೇಳಬೇಕು. ಅದಕ್ಕೆ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಎಷ್ಟು ವಿಕಿರಣ ಕೊಟ್ಟಿದ್ದಾರೆಂಬ ಚೀಟಿ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಟ್ಟುಕೊಳ್ಳಿ. ಫೋಟೊ ತೆಗೆದು ಮಗನ ಅಥವಾ ಮಗಳ ಮೊಬೈಲಿಗೂ ಕಳಿಸಿಡಿ.